ಅಕ್ಕ ಅಣ್ಣಂದಿರು ಕಲಿಸುವ ಪರಿಸರ ಪಾಠ



ರಾಜ್ಯೋತ್ಸವವೆಂದರೆ ನಾಡು ನುಡಿಗಳ ಹಬ್ಬ. ನುಡಿಯನ್ನು ನಾವು ಘಾಜಿಯಾಬಾದಿಗೆ ಹೊತ್ತು ತಂದೆವು. ನಾಡಿನ ನೀರು ಗಾಳಿಗಳನ್ನು ತರಲಾಗಲಿಲ್ಲ. ನಮ್ಮ ಮಕ್ಕಳು ಉಸಿರಾಡುವುದು ಇಲ್ಲಿಯ ಗಾಳಿಯನ್ನೇ. ನವೆಂಬರ್ ನಮಗೆ ಹಬ್ಬದ ತಿಂಗಳಾದರೆ ಈ ಊರಿಗೆ ಹೊಗೆಮಂಜಿನ ತಿಂಗಳು. ಐಕ್ಯೂಏರ್ ಸಂಸ್ಥೆಯ 2019ರ ಪಟ್ಟಿಯಲ್ಲಿ ಪ್ರಪಂಚದ ಮಲಿನ ನಗರಗಳ ಪೈಕಿ ಮೊದಲ ಸ್ಥಾನ ನಮ್ಮೂರಿಗೇ ಬಂದಿತು. ವರ್ಷದ ಸರಾಸರಿಯಲ್ಲಿ ಘನಮೀಟರ್ ಗಾಳಿಗೆ 110 ಮೈಕ್ರೋಗ್ರಾಂ ಸೂಕ್ಷ್ಮ ಧೂಳು! ನಮ್ಮ ದೇಶದ ಮಿತಿ 40; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5.

ಶಾಲೆಯಲ್ಲಿ ಪರಿಸರದ ಪಾಠವಿಲ್ಲವೆ ಎಂದು ಕೇಳಬಹುದು. ಇದೆ. ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಅದಕ್ಕೆ ಆದೇಶವಿತ್ತಿತು. ಆದರೆ ಮಕ್ಕಳ ಪಾಲಿಗೆ ಅದು ಪರೀಕ್ಷೆಯ ಬಾಯಿಪಾಠ; ಜೂನ್ 5ರಂದು ಸಸಿ ನೆಟ್ಟು ಪಟ ತೆಗೆಸಿಕೊಂಡರೆ ಮುಗಿಯಿತು. ಈ ವಿದ್ಯೆಯನ್ನು ಕಲಿತು ಅನ್ನ ಸಂಪಾದಿಸಲೂಬಹುದು ಎಂಬುದನ್ನು ಅವರಿಗೆ ಹೇಳುವವರಾರು?

ಹೇಳಲು ತಕ್ಕವರು ಕಾಲೇಜಿನ ಅಕ್ಕ ಅಣ್ಣಂದಿರೇ ಎಂದು ನಮ್ಮ ನಂಬಿಕೆ. ಮೇಷ್ಟ್ರನ್ನು ಕೇಳಲಂಜುವ ಪ್ರಶ್ನೆಯನ್ನು ಮಗು ಅಣ್ಣನನ್ನು ಕೇಳುತ್ತದೆ. ನಾಲ್ಕೈದು ವರ್ಷ ಕಳೆದರೆ ತಾನೂ ಹೀಗೆಯೇ ಆಗಬಹುದೆಂದು ಕಣ್ಣಾರೆ ಕಾಣುತ್ತದೆ.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರವಾದ ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೆರೆಗಳ ಕುರಿತು ನಡೆಸುವ ಸಮ್ಮೇಳನವು 2016ರಲ್ಲಿಯೂ 2018ರಲ್ಲಿಯೂ ಮೂಡುಬಿದಿರೆಯ ಆಳ್ವಾಸ್ ವಿದ್ಯಾಸಂಸ್ಥೆಯಲ್ಲಿ ನಡೆಯಿತು. ಅಲ್ಲಿ ಶಾಲೆಯ ಮಕ್ಕಳೂ ಕಾಲೇಜಿನ ವಿದ್ಯಾರ್ಥಿಗಳೂ ತಮ್ಮ ಅಧ್ಯಯನಗಳನ್ನು ವಿಜ್ಞಾನಿಗಳ ಎದುರಿನಲ್ಲಿಯೇ ಮಂಡಿಸಿದರು. ಅವರಿಗೆ ಕೆರೆ ಸಿಕ್ಕಿತು. ನಮಗೆ ಹಿಂಡನ್ ನದಿಯಿದೆ. ಸಹಾರನ್‌ಪುರದ ಕಡೆಯಿಂದ ಕಾರ್ಖಾನೆಗಳ ಕೊಳೆಯನ್ನೂ ಊರುಗಳ ಚರಂಡಿ ನೀರನ್ನೂ ಹೊತ್ತು, ನಮ್ಮೂರನ್ನು ಹಾದು ಯಮುನೆಯನ್ನು ಸೇರುವ ಈ ನದಿಗಿಂತ ದೊಡ್ಡ ಪಾಠಪುಸ್ತಕ ಬೇಕೆ?

ಪಾಠ ಸುಲಭವಾಗಿರಲಿ. ಎಣ್ಣೆ ಸವರಿದ ಬಿಳಿಯ ಕಾಗದವೊಂದನ್ನು ಮಕ್ಕಳು ಮಹಡಿಯಲ್ಲಿ ಒಂದು ವಾರ ಇಡಲಿ. ಅಂಟಿದ ಧೂಳನ್ನು ನೋಡಲಿ. ಕಣ್ಣಿಗೆ ಕಾಣದ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅದನ್ನು ಅಳೆಯಲು ಯಂತ್ರವೂ ಯಂತ್ರವನ್ನು ಬಲ್ಲವರೂ ಬೇಕು ಎಂದು ಅಣ್ಣಂದಿರು ಆಗ ತಿಳಿಸಲಿ. ಅಲ್ಲಿಂದ ಉದ್ಯೋಗದ ಮಾತು ತಾನಾಗಿ ಬರುತ್ತದೆ. ನೀರು ಪರೀಕ್ಷಿಸುವ ರಸಾಯನಜ್ಞರು, ಹವಾಮಾನ ಇಲಾಖೆಯವರು, ಅರಣ್ಯಾಧಿಕಾರಿಗಳು, 2010ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯಲ್ಲಿ ವಾದಿಸುವ ವಕೀಲರು, ಎಲ್ಲರೂ ಈ ವಿದ್ಯೆಯ ಬಳಗದವರೇ. ಲೆಕ್ಕ ಕಲಿತವರೂ ಹೊರಗಿನವರಲ್ಲ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ತಾವು ಬಳಸಿದ ನೀರು, ವಿದ್ಯುತ್ತುಗಳ ವಿವರವನ್ನು ವರದಿಯಲ್ಲಿ ಕೊಡಬೇಕೆಂದು ಸೆಬಿಯು 2022-23ರಿಂದ ಕಡ್ಡಾಯ ಮಾಡಿತು. ಅದನ್ನು ಬರೆಯುವವರೂ ತಾಳೆ ನೋಡುವವರೂ ಬೇಕಲ್ಲವೆ?

ನಾವು ಬ್ಯಾಂಕಿನ ಗುಮಾಸ್ತರು. ನಮಗೆ ತಿಳಿದ ಭಾಷೆಯಲ್ಲಿ ಹೇಳುವುದಾದರೆ, ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಸಂಸಾರ ತೂಗಿಸುವುದೇ ಸುಸ್ಥಿರತೆ. ನೀರು, ಗಾಳಿ, ಮಣ್ಣು ನಮ್ಮ ಅಸಲು. ಅದನ್ನು ಕರಗಿಸಿ ಮಕ್ಕಳ ಕೈಗೆ ಬರಿಯ ಪಾಸ್‌ಬುಕ್ ಕೊಟ್ಟರೆ ಅವರು ನಮ್ಮನ್ನು ಕ್ಷಮಿಸಿಯಾರೆ?

ತಂದೆತಾಯಿಗಳಲ್ಲಿ ಒಂದು ವಿನಂತಿ. ಇಂಜಿನಿಯರ್, ಡಾಕ್ಟರ್ ಎಂಬೆರಡು ಹೆಸರುಗಳನ್ನೇ ಮಗುವಿನ ಕಿವಿಯಲ್ಲಿ ಜಪಿಸಬೇಡಿ. ಈ ದಾರಿಯಲ್ಲಿಯೂ ಪರೀಕ್ಷೆಗಳು ಕಠಿಣವೇ, ಸ್ಥಾನಗಳು ಮಿತವೇ. ಆದರೆ ದಾರಿಯಿದೆ ಎಂದು ತಿಳಿಯುವ ಹಕ್ಕು ಮಗುವಿಗುಂಟು.

ನಮ್ಮ ಕಾಲೇಜು ತರುಣ ತರುಣಿಯರೇ, ತಿಂಗಳಿಗೊಂದು ಭಾನುವಾರವನ್ನು ಸಂಘಕ್ಕೆ ಕೊಡಿ. ಪಾಠ ಕನ್ನಡದಲ್ಲಿಯೇ ನಡೆಯಲಿ. ಪಕ್ಕದ ಮನೆಯ ಹಿಂದಿ ಮಕ್ಕಳು ಬಂದರೆ ಅವರ ಮಾತಿನಲ್ಲಿಯೂ ಹೇಳಿ, ಗಾಳಿಗೆ ಭಾಷೆಯಿಲ್ಲ. ಚಾಪೆ ಹಾಸುವ, ಚಹಾ ಕಾಯಿಸುವ, ಖರ್ಚಿನ ಲೆಕ್ಕವಿಡುವ ಹೊಣೆ ನಮ್ಮದು. ಮುಂದಿನ ಭಾನುವಾರವೇ ಮೊದಲ ಪಾಠವಾಗಲೆಂದು ಕೋರುತ್ತೇವೆ.