ಬಳ್ಳಾರಿಯಿಂದ ಹೊರಟ ದಾರಿ



ಬಳ್ಳಾರಿ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅದಿರು, ಆಮೇಲೆ ಬಿಸಿಲು, ಈಚೆಗೆ ಜೀನ್ಸ್. ಆದರೆ ಮನೋವೈದ್ಯಶಾಸ್ತ್ರ ಓದುವ ವಿದ್ಯಾರ್ಥಿ ಅಸ್ಸಾಮಿನವನಾಗಲಿ, ರಾಜಸ್ಥಾನದವನಾಗಲಿ, ‘ಬಳ್ಳಾರಿ ಮಾದರಿ’ ಎಂಬ ಪಾಠವನ್ನು ಓದಿಯೇ ಮುಂದೆ ಹೋಗಬೇಕು. ನಮ್ಮ ಊರಿನಲ್ಲೇ ಈ ಸಂಗತಿ ಗೊತ್ತಿರುವವರು ಕಡಿಮೆ. ಮನಸ್ಸಿಗೆ ಕಾಯಿಲೆಯಾದಾಗ, ಬದುಕು ಸಾಕೆನಿಸಿದಾಗ ನಮ್ಮ ಜನ ಎಲ್ಲಿಗೆ ಹೋಗುತ್ತಿದ್ದರು, ಈಗ ಎಲ್ಲಿಗೆ ಹೋಗಬಹುದು ಎಂಬುದರ ಚರಿತ್ರೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸ್ ಆಡಳಿತದಲ್ಲಿತ್ತು. ಆ ಪ್ರಾಂತ್ಯದ ದೊಡ್ಡ ಮಾನಸಿಕ ಆಸ್ಪತ್ರೆ ಇದ್ದದ್ದು ಮದ್ರಾಸಿನ ಕಿಲ್ಪಾಕ್‌ನಲ್ಲಿ. ಧಾರವಾಡದ್ದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಬೆಂಗಳೂರಿನದು ಮೈಸೂರು ಸಂಸ್ಥಾನಕ್ಕೆ. ಸಿರುಗುಪ್ಪದ ಗದ್ದೆ ಮಾಡುವ ಮನೆತನಕ್ಕೆ ಮೂರೂ ದೂರವೇ. ಮನೆಯಲ್ಲಿ ಒಬ್ಬರು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕೂತರೆ ‘ಗಾಳಿ ಸೋಕೈತಿ’ ಅನ್ನುತ್ತಿದ್ದರು. ದರ್ಗಾ, ಹನುಮಪ್ಪನ ಗುಡಿ, ಮಂತ್ರಿಸಿ ದಾರ ಕಟ್ಟುವವರು, ಹೀಗೆ ಒಂದಾದ ಮೇಲೆ ಒಂದು ಬಾಗಿಲು ತಟ್ಟುತ್ತಿದ್ದರು. ಇದನ್ನು ಸುಮ್ಮನೆ ಹೀಗಳೆಯಲು ನನಗೆ ಮನಸ್ಸು ಬರುವುದಿಲ್ಲ. ಚಿಕಿತ್ಸೆ ತಡವಾಯಿತು, ಕೆಲವು ಕಡೆ ಸರಪಳಿ ಹಾಕಿದರು, ಹೊಡೆದರು, ಅದೆಲ್ಲ ನಿಜ. ಆದರೂ ಕಾಯಿಲೆಯವರ ಜೊತೆ ಮನೆಯವರೊಬ್ಬರು ಬಂದು ಗುಡಿಯ ಕಟ್ಟೆಯ ಮೇಲೆ ಹಗಲಿರುಳು ಕೂತಿರುತ್ತಿದ್ದರಲ್ಲ, ಆ ಕೂಡುವಿಕೆಗೆ ಇವತ್ತಿನ ವೈದ್ಯರೂ ಬೆಲೆ ಕೊಡುತ್ತಾರೆ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಶುರುವಾಗಿ, ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಹಳ್ಳಿಯ ಕೇಂದ್ರವೊಂದು ತೆರೆಯಿತು. ಆ ವೈದ್ಯರ ಮುಂದಿದ್ದ ಲೆಕ್ಕ ಸರಳ. ಕೋಟಿಗಟ್ಟಲೆ ಜನರಿರುವ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಇವರು ತಯಾರಾಗಿ ಹಳ್ಳಿ ಹಳ್ಳಿ ತಲುಪುವುದು ಆಗದ ಮಾತು. ಹಾಗಾದರೆ ಈಗಾಗಲೇ ಹಳ್ಳಿಯಲ್ಲಿರುವ ಸರ್ಕಾರಿ ಡಾಕ್ಟರಿಗೆ, ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಗೆ ಈ ವಿದ್ಯೆಯನ್ನು ಒಂದಿಷ್ಟು ಕಲಿಸಬಾರದೇಕೆ? ಹರಿಯಾಣದ ರಾಯ್‌ಪುರ್ ರಾಣಿಯಲ್ಲೂ ಇಂಥದೇ ಪ್ರಯತ್ನ ನಡೆದಿತ್ತು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿತು.

ಕಾಗದದಲ್ಲಿ ಒಪ್ಪಿದ್ದಾಯಿತು. ಆದರೆ ಅಲ್ಲಿಯವರೆಗಿನ ಪ್ರಯೋಗಗಳೆಲ್ಲ ಕೆಲವು ಹಳ್ಳಿಗಳಿಗೆ ಸೀಮಿತ. ಇಡೀ ಒಂದು ಜಿಲ್ಲೆಯಲ್ಲಿ ಇದು ನಡೆದೀತೆ? ಆ ಪರೀಕ್ಷೆಗೆ 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಬೆಂಗಳೂರಿಗೆ ಸುಮಾರು 300 ಕಿಲೋಮೀಟರು ದೂರ. ಹಡಗಲಿ, ಕೂಡ್ಲಿಗಿ, ಹೊಸಪೇಟೆಗಳೂ ಆಗ ಇದೇ ಜಿಲ್ಲೆಯೊಳಗೆ. ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಅವರ ಹೆಸರುಗಳು ಈ ಕೆಲಸದೊಂದಿಗೆ ಸೇರಿಕೊಂಡಿವೆ. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನಿಮ್ಮಲ್ಲಿ ಎಷ್ಟೋ ಮಂದಿ ಓದಿರುತ್ತೀರಿ.

ನಡೆದದ್ದು ಇಷ್ಟು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಚಿತ್ತವಿಕಲತೆಗೆ, ಖಿನ್ನತೆಗೆ, ಮೂರ್ಛೆರೋಗಕ್ಕೆ ಬೇಕಾದ ಕೆಲವೇ ಔಷಧಿಗಳನ್ನು ಕೇಂದ್ರದಲ್ಲೇ ಇರಿಸಿದರು. ಒಬ್ಬೊಬ್ಬ ರೋಗಿಗೂ ಒಂದು ಸರಳ ಕಾರ್ಡು. ಬಳ್ಳಾರಿಯಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರುವ ಒಂದು ಚಿಕ್ಕ ತಂಡ. ಕೈಮೀರಿದ ರೋಗಿಗಳನ್ನು ಅಲ್ಲಿಗೆ ಕಳಿಸುವುದು. ಇದೆಲ್ಲಕ್ಕಿಂತ ನನಗೆ ಜಾಣತನ ಎನಿಸುವುದು ಇನ್ನೊಂದು. ಜಿಲ್ಲಾ ಆರೋಗ್ಯಾಧಿಕಾರಿಗಳ ತಿಂಗಳ ಸಭೆಯಲ್ಲಿ ಮಲೇರಿಯಾ, ಕುಟುಂಬ ಯೋಜನೆಗಳ ಲೆಕ್ಕ ಕೇಳುವಾಗಲೇ ಮಾನಸಿಕ ರೋಗಿಗಳ ಲೆಕ್ಕವನ್ನೂ ಕೇಳತೊಡಗಿದರು. ತಿಂಗಳಿಗೊಮ್ಮೆ ಸಾಹೇಬರು ಕೇಳುವುದು ತಪ್ಪದಿದ್ದರೆ ನಮ್ಮಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ!

ಐದು ವರ್ಷದ ಈ ಅನುಭವವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚು ಆಯಿತು. 1996ರಲ್ಲಿ ಅದು ಆಂಧ್ರ, ಅಸ್ಸಾಂ, ರಾಜಸ್ಥಾನ, ತಮಿಳುನಾಡುಗಳ ತಲಾ ಒಂದು ಜಿಲ್ಲೆಯಲ್ಲಿ ಶುರುವಾಯಿತು. ದಾರಿ ತೋರಿಸಿದ ಬಳ್ಳಾರಿ ಆ ಮೊದಲ ನಾಲ್ಕರಲ್ಲಿ ಇರಲಿಲ್ಲ. ಈಗ 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಇದು ಹಬ್ಬಿದೆ. ಎಲ್ಲ ಕಡೆ ಒಂದೇ ಹುರುಪಿನಲ್ಲಿ ನಡೆದಿದೆ ಎನ್ನಲಾಗದು. ಖಾಲಿ ಹುದ್ದೆ, ಮಾತ್ರೆ ಇಲ್ಲದ ತಿಂಗಳುಗಳು, ಎಲ್ಲವೂ ಅನೇಕ ಜಿಲ್ಲೆಗಳ ಕಥೆಯಲ್ಲಿವೆ.

ಒಂದು ಮಾತು ಗಮನಿಸಬೇಕು. 1985ರ ಆ ಯೋಜನೆ ಕಾಯಿಲೆಗಳ ಮೇಲೆ ಕಣ್ಣಿಟ್ಟಿತ್ತು. ಆತ್ಮಹತ್ಯೆ ತಡೆಯುವುದು ಕಾರ್ಯಕ್ರಮದ ಪಟ್ಟಿಗೆ ಸೇರಿದ್ದು ನಂತರದ ವರ್ಷಗಳಲ್ಲಿ. ಅದಕ್ಕೆ ಕಾನೂನೂ ಅಡ್ಡ ನಿಂತಿತ್ತು. ಜೀವ ಕಳೆದುಕೊಳ್ಳಲು ಯತ್ನಿಸುವುದು ಬ್ರಿಟಿಷರ ಕಾಲದ ದಂಡಸಂಹಿತೆಯ 309ನೇ ಕಲಮಿನಲ್ಲಿ ಅಪರಾಧವಾಗಿತ್ತು. ಉಳಿದುಕೊಂಡವನ ಮಂಚದ ಪಕ್ಕ ಪೊಲೀಸರು ಬರುತ್ತಾರೆಂಬ ಭಯಕ್ಕೆ ಮನೆಯವರು ಆಸ್ಪತ್ರೆಗೆ ಒಯ್ಯಲು ಹಿಂಜರಿಯುತ್ತಿದ್ದರು, ಒಯ್ದರೂ ಸುಳ್ಳು ಕಾರಣ ಹೇಳುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂದಾಗ ಇದು ತಿರುಗುಮುರುಗಾಯಿತು. ಅದರ 115ನೇ ಕಲಮಿನ ಪ್ರಕಾರ ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಅವರ ಆರೈಕೆ ಸರ್ಕಾರದ ಹೊಣೆ. 2024ರ ಜುಲೈಯಲ್ಲಿ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮೇ ಉಳಿದಿಲ್ಲ. ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ಇನ್ನೂ ಯಾರಾದರೂ ‘ಕೇಸಾಗುತ್ತೆ, ಸುಮ್ಮನಿರಿ’ ಅಂದರೆ ದಯವಿಟ್ಟು ಈ ಮಾತು ಹೇಳಿ. ಮೊದಲು 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ.

ಹೊಲ ಮನೆ ಇರುವವರಿಗೆ ಇನ್ನೊಂದು ಮಾತು. ಶ್ರೀಲಂಕಾ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸಾಯಬೇಕೆನ್ನುವ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದರೆ ಮನುಷ್ಯ ಉಳಿಯುತ್ತಾನೆ. ಭತ್ತಕ್ಕೆ, ಮೆಣಸಿನಕಾಯಿಗೆ ತಂದ ಔಷಧಿಯನ್ನು ಮನೆಯೊಳಗಿನ ಗೂಡಿನಲ್ಲಿ ಇಡದೆ ಹೊರಗೆ ಬೀಗ ಹಾಕಿ ಇಡುವುದು ಚಿಕ್ಕ ಕೆಲಸವೇನಲ್ಲ.

ಹಾಗೆಯೇ ಕೇಳುವುದು. ‘ಯಾಕವ್ವ, ಬಾಳ ದಿನದಿಂದ ಮಾತೇ ಇಲ್ಲ, ಜೀವ ಬ್ಯಾಡ ಅನಿಸ್ತದೇನು?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಸಂಶೋಧನೆಗಳು ಹಾಗೆ ಹೇಳುವುದಿಲ್ಲ. ಕೇಳಿದ ಮೇಲೆ ಬುದ್ಧಿ ಹೇಳುವ ಅವಸರ ಬೇಡ. ‘ನಿನಗೇನು ಕಮ್ಮಿಯಾಗೈತಿ’ ಎಂಬ ಒಂದು ಮಾತಿಗೆ ತೆರೆದ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೌದು ಅನ್ನುವ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಜೊತೆಯಲ್ಲೇ ಆಸ್ಪತ್ರೆಗೆ ಹೊರಡಿ.

ಎಲ್ಲಿಗೆ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮೊದಲ ಮೆಟ್ಟಿಲು. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆದೀತು. ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಯಾವ ದಿನ ಎಂದು ವಿಚಾರಿಸಿ. ಬಳ್ಳಾರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 1961ರಲ್ಲಿ ಆರಂಭವಾದ, ಜನ ಇಂದಿಗೂ ವಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಸಿರುಗುಪ್ಪದಿಂದ ಬಸ್ಸು ಹಿಡಿದು ಬರುವುದು ಆಗದವರಿಗೆ, ಊರವರ ಕಣ್ಣಿಗೆ ಬೀಳಲು ಸಂಕೋಚ ಪಡುವವರಿಗೆ ಫೋನಿದೆ. 1953ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ಲಂಡನ್ನಿನ ಪಾದ್ರಿ ಚಾಡ್ ವಾರಾ ಸಾವಿನ ಯೋಚನೆಯಲ್ಲಿದ್ದವರಿಗಾಗಿ ಒಂದು ಫೋನ್ ಸೇವೆ ಶುರು ಮಾಡಿದ್ದರು. ಚೆನ್ನೈಯಲ್ಲಿ ‘ಸ್ನೇಹಾ’ 1986ರಲ್ಲಿ ಬಂತು. ನಮ್ಮ ಸರ್ಕಾರದ ‘ಟೆಲಿ ಮಾನಸ್’ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಹಗಲೂ ರಾತ್ರಿಯೂ ತೆರೆದಿರುತ್ತದೆ, ಕಾಸು ಕೊಡಬೇಕಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಗಡಿಯ ಊರುಗಳಲ್ಲಿ ಮನೆಮಾತು ತೆಲುಗೋ ಉರ್ದುವೋ ಆದವರಿಗೂ ಅನುಕೂಲ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ಸೇರಿಸುತ್ತಾರೆ. ಬೇರೆಯವರ ಬಗ್ಗೆ ಕಳವಳವಿದ್ದರೂ ಕರೆ ಮಾಡಬಹುದು. ಪೆನ್ನು ಹುಡುಕುತ್ತಿರುವವರಿಗಾಗಿ ಸಂಖ್ಯೆಯನ್ನು ನಿಧಾನವಾಗಿ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. 14416.