ತೌಡಿನಲ್ಲಿ ಏನಿದೆ, ಏನಿಲ್ಲ

ಚೆನ್ನೈನ ಮಾಧವರಂನಿಂದ ಮಾತಾಡ್ತಾ ಇದ್ದೀನಿ. ಒಂದೂವರೆ ಗಂಟೆ ಮೀಟಿಂಗ್ ಮುಗಿಸಿ "ಬರೀ ತೌಡು ಕುಟ್ಟಿದ್ದಾಯ್ತು" ಅಂತ ಗೊಣಗ್ತೀವಲ್ಲ, ಇವತ್ತು ಆ ತೌಡಿನ ಬಗ್ಗೆನೇ ಎರಡು ಮಾತು.

ಮಾಧವರಂ ಅಂದ್ರೆ ಹಾಲಿನ ಊರು. ಆವಿನ್ ಡೈರಿ ಇಲ್ಲಿದೆ, ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇಲ್ಲೇ. ಇಲ್ಲಿಯವರು ತವಿಡು ಅಂತಾರೆ, ನಾವು ತೌಡು ಅಂತೀವಿ. ಎರಡೂ ಕಡೆ ಅಕ್ಕಿ ನಮಗೆ, ತೌಡು ಹಸುವಿಗೆ.

ಹಸುವಿಗೆ ಹೋಗೋದರಲ್ಲಿ ಒಳ್ಳೆಯ ವಸ್ತುಗಳೇ ಇವೆ. ಅಕ್ಕಿ ತೌಡಿನ ಎಣ್ಣೆಯಲ್ಲಿ ಒರೈಜನಾಲ್ ಇದೆ. 1950ರ ದಶಕದಲ್ಲಿ ಜಪಾನಿನವರು ಬೇರ್ಪಡಿಸಿದ್ದು. ಗೋಧಿ ಬೂಸಾ, ರಾಗಿ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲ ಇದೆ. ಓಟ್ಸ್‌ನಲ್ಲಿ ಅವೆನಾಂತ್ರಮೈಡ್‌ಗಳಿವೆ. ಪ್ರಯೋಗಾಲಯದ ಜೀವಕೋಶಗಳಲ್ಲಿ, ಇಲಿಗಳಲ್ಲಿ ಇವು ಉರಿಯೂತ ತಗ್ಗಿಸಿದ್ದು ನಿಜ.

ಇದನ್ನ ಹೇಳೋಕೆ ಕಾರಣ ಇದೆ. ನಮ್ಮ ಬ್ಲಾಕಿನಲ್ಲಿ ಮಗನ ಮನೆಗೆ ಬಂದಿರೋ ಹಾಸನದ ಕಡೆಯ ಅಜ್ಜಿಯೊಬ್ಬರಿಗೆ ರುಮಟಾಯ್ಡ್ ಸಂಧಿವಾತ. ದಿನಾ ಎರಡು ಚಮಚ ತೌಡು ತಿಂದ್ರೆ ಸಾಕು ಅನ್ನೋ ವಾಟ್ಸಾಪ್ ಫಾರ್ವರ್ಡ್ ತೋರಿಸಿ, "ಮಾತ್ರೆ ನಿಲ್ಲಿಸ್ಲೇನಪ್ಪಾ?" ಅಂದ್ರು. "ಬೇಡ ಅಜ್ಜಿ, ಡಾಕ್ಟರ್‌ನ ಕೇಳದೆ ಒಂದೂ ನಿಲ್ಲಿಸ್ಬೇಡಿ" ಅಂದೆ.

ಯಾಕೆ ಅಂದ್ರೆ, ಇಲಿಗೆ ಕೊಟ್ಟಿದ್ದು ಶುದ್ಧ ವಸ್ತು, ದೊಡ್ಡ ಪ್ರಮಾಣದಲ್ಲಿ. ತೌಡಿನ ಫೆರುಲಿಕ್ ಆಮ್ಲ ಬಹುಪಾಲು ನಾರಿಗೆ ಅಂಟಿಕೊಂಡಿರುತ್ತೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ಸ್ವಲ್ಪ ಸ್ವಲ್ಪವೇ ಬಿಡಿಸುತ್ತವೆ. ಇಡೀ ಧಾನ್ಯ ತಿಂದ ಮನುಷ್ಯರ ಅಧ್ಯಯನಗಳಲ್ಲಿ ಕೆಲವದರಲ್ಲಿ ಉರಿಯೂತದ ಸೂಚಕ ಇಳಿದಿದೆ, ಕೆಲವದರಲ್ಲಿ ಇಲ್ಲ. ಈ ಕಾಯಿಲೆಯಲ್ಲಿ ಮಾತ್ರೆ ಬಿಟ್ಟರೆ ಕೀಲು ಸವೆಯುತ್ತೆ, ಸವೆದ ಕೀಲು ಮತ್ತೆ ಬೆಳೆಯಲ್ಲ.

ಮಿಲ್ಲಿನಿಂದ ಹಸಿ ತೌಡು ತಂದು ತಿನ್ನೋದೂ ಬೇಡ. ಅದರೊಳಗಿನ ಲೈಪೇಸ್ ಕಿಣ್ವ ಕೆಲವೇ ಗಂಟೆಗಳಲ್ಲಿ ಎಣ್ಣೆಯನ್ನ ಕೆಡಿಸಿ ಕಮಟು ಹಿಡಿಸುತ್ತೆ. ಭತ್ತ ಮಣ್ಣಿನಿಂದ ಹೀರಿದ ಆರ್ಸೆನಿಕ್ ಕೂಡ ಅಕ್ಕಿಗಿಂತ ತೌಡಿನಲ್ಲೇ ಹೆಚ್ಚು ಸೇರಿರುತ್ತೆ.

ಹಾಗಾದ್ರೆ ಏನು ಮಾಡಬಹುದು? ರಾಗಿಯ ಸಿಪ್ಪೆ ಕಾಳಿಗೇ ಅಂಟಿರುತ್ತೆ, ಹಾಗಾಗಿ ಇಡಿಯಾಗೇ ಬೀಸ್ತೀವಿ. ಹಿಟ್ಟನ್ನ ತೀರಾ ಸಣ್ಣ ಜರಡಿಗೆ ಹಾಕ್ಬೇಡಿ. ಚಪಾತಿ ಹಿಟ್ಟಿನ ಬೂಸಾನೂ ಎಸೀಬೇಡಿ. ಅಕ್ಕಿ ತೊಗೊಳ್ಳುವಾಗ ಪಾಲಿಶ್ ಕಡಿಮೆ ಇರೋದು ನೋಡಿ. ತೌಡೆಣ್ಣೆ ಬಳಸೋರು ಬಾಟಲಿ ಮೇಲೆ ಒರೈಜನಾಲ್ ಎಷ್ಟು ಅಂತ ಓದಿ. ಕ್ಷಾರ ಹಾಕಿ ಶುದ್ಧಿ ಮಾಡಿದರೆ ಅದರ ಬಹುಪಾಲು ಹೊರಟುಹೋಗುತ್ತೆ.

ಇದೆಲ್ಲ ಒಳ್ಳೆ ಊಟ, ಅಷ್ಟೇ, ಔಷಧಿ ಅಲ್ಲ. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಅಂತ ಕೇಳಿ ಇಟ್ಟುಬಿಡಬೇಡಿ. ಅಪ್ಪ, ಅಮ್ಮ ಯಾವ ಮಾತ್ರೆ ತೊಗೊಳ್ತಿದ್ದಾರೆ, ಯಾವುದನ್ನ ಸದ್ದಿಲ್ಲದೆ ಬಿಟ್ಟಿದ್ದಾರೆ ಅಂತಲೂ ಕೇಳಿ.