ಚೆಂಡಿಲ್ಲದ ಹೊತ್ತಿನ ಲೆಕ್ಕ



ಈಚಿನ ವರ್ಷಗಳಲ್ಲಿ ಯೂರೋಪಿನ ಯಾವುದೇ ದೊಡ್ಡ ಫುಟ್‌ಬಾಲ್ ಪಂದ್ಯ ಮುಗಿದ ಕೆಲವೇ ನಿಮಿಷಗಳೊಳಗಾಗಿ, ಆಡಿದ ಪ್ರತಿಯೊಬ್ಬನ ಹೆಸರಿನ ಎದುರಿಗೂ 6.8, 7.5, 8.1 ಎಂಬಂಥ ಒಂದು ಅಂಕ ನಮ್ಮ ಮೊಬೈಲಿನ ತೆರೆಯ ಮೇಲೆ ಮೂಡಿಬಿಡುತ್ತದೆ. ತೊಂಬತ್ತು ನಿಮಿಷಗಳ ಕಾಲ ಇಪ್ಪತ್ತೆರಡು ಮಂದಿ ಒಬ್ಬರೊಡನೊಬ್ಬರು ಹೆಣೆದುಕೊಂಡು ನಡೆಸಿದ ಒಂದು ಹೋರಾಟದಿಂದ ಒಬ್ಬೊಬ್ಬನ ಪಾಲನ್ನು ದಶಾಂಶದವರೆಗೆ ಬೇರ್ಪಡಿಸಿ ಕೊಡಲು ಸಾಧ್ಯವೇ, ಸಾಧ್ಯವಾದರೆ ಎಷ್ಟರಮಟ್ಟಿಗೆ, ಎಂಬ ಪ್ರಶ್ನೆ ಆಟದ ಅಭಿಮಾನಿಗಳಿಗೆ ಮಾತ್ರ ಸೇರಿದ್ದಲ್ಲ. ಏಕೆಂದರೆ ಆ ಅಂಕಗಳ ಹಿಂದಿರುವ ಎಣಿಕೆಗಳನ್ನು ಅವಲಂಬಿಸಿಯೇ ಇಂದು ಆಟಗಾರರ ಕ್ರಯವಿಕ್ರಯ ನಡೆಯುತ್ತದೆ. ಹದಿನಾರರ ಹರೆಯದ ಹುಡುಗನೊಬ್ಬ ಆಟವನ್ನು ಮುಂದುವರಿಸಬೇಕೇ, ಮನೆಗೆ ಹಿಂತಿರುಗಬೇಕೇ ಎಂಬುದೂ ಕೆಲವೊಮ್ಮೆ ಅವುಗಳಿಂದಲೇ ನಿರ್ಣಯವಾಗುತ್ತದೆ.

ನಮ್ಮ ನಾಡಿನ ಕಿವಿ ಕ್ರಿಕೆಟ್ಟಿನ ಲೆಕ್ಕಕ್ಕೆ ಒಗ್ಗಿದ ಕಿವಿ. ಅಲ್ಲಿ ಒಂದೊಂದು ಎಸೆತವೂ ಆದಿ ಅಂತ್ಯಗಳುಳ್ಳ ಒಂದು ಪೂರ್ಣ ಘಟನೆ. ಎಸೆದವನು ಇಂಥವನು, ಎದುರಿಸಿದವನು ಇಂಥವನು, ಫಲ ಇಷ್ಟು ಎಂದು ಬರೆದಿಡುವುದಕ್ಕೆ ಅಡ್ಡಿಯಿಲ್ಲ. ಆದಕಾರಣವೇ ಡಾನ್ ಬ್ರಾಡ್ಮನ್ನನ 99.94 ಎಂಬ ಸರಾಸರಿ ಆತನ ಹಿರಿಮೆಯನ್ನು ಬಹುಮಟ್ಟಿಗೆ ಯಥಾರ್ಥವಾಗಿಯೇ ಹೇಳುತ್ತದೆ. ಹಾಗಿದ್ದೂ 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ, ಆಂಡಿ ರಾಬರ್ಟ್ಸನ ವೇಗದ ಮುಂದೆ ತಂಡವೆಲ್ಲ ಕುಸಿಯುತ್ತಿರಲು, ಭದ್ರಾವತಿಯ ಗುಂಡಪ್ಪ ವಿಶ್ವನಾಥರು ತಂಡದ 190 ರನ್ನುಗಳಲ್ಲಿ ತಾವೊಬ್ಬರೇ ಅಜೇಯರಾಗಿ ನಿಂತು ಗಳಿಸಿದ 97 ರನ್ನುಗಳು, ಶತಕಗಳ ಪಟ್ಟಿಗೆ ಸೇರದೆ ಹೊರಗೆ ಉಳಿದರೂ, ಎಷ್ಟೋ ಶತಕಗಳಿಗಿಂತ ತೂಕವುಳ್ಳವೆಂಬುದನ್ನು ಕ್ರಿಕೆಟ್ ಬಲ್ಲವರು ಇಂದಿಗೂ ಒಪ್ಪುತ್ತಾರೆ. ಲೆಕ್ಕ ಇಷ್ಟು ಸಲೀಸಾಗಿರುವ ಆಟದಲ್ಲಿಯೇ ಹೀಗಾದರೆ, ಒಂದು ಕ್ರಿಯೆ ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ತೊಡಗಿತು ಎಂಬ ಗೆರೆಯನ್ನೇ ಎಳೆಯಲು ಬಾರದ ಕಾಲ್ಚೆಂಡಾಟದ ಪಾಡೇನು? ಅಲ್ಲಿ ಬಲಗಡೆಗೆ ರಭಸದಿಂದ ಓಡಿ ಇಬ್ಬರು ಎದುರಾಳಿಗಳನ್ನು ತನ್ನ ಬೆನ್ನ ಹಿಂದೆ ಸೆಳೆದೊಯ್ದು, ಎಡಗಡೆಯ ಜೊತೆಗಾರನಿಗೆ ಗೋಲಿನ ದಾರಿಯನ್ನು ತೆರವು ಮಾಡಿಕೊಟ್ಟವನ ಹೆಸರು ಆ ಗೋಲಿನ ದಾಖಲೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಈ ಆಟವನ್ನು ಕ್ರಮಬದ್ಧವಾಗಿ ಎಣಿಸಹೊರಟವರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ಚಾರ್ಲ್ಸ್ ರೀಪ್. ರಾಯಲ್ ಏರ್ ಫೋರ್ಸಿನಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದ ಈತ, 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ತಂಡವು ಬ್ರಿಸ್ಟಲ್ ರೋವರ್ಸ್ ತಂಡದೊಡನೆ ಆಡುತ್ತಿದ್ದ ಪಂದ್ಯದ ಉತ್ತರಾರ್ಧದಲ್ಲಿ, ದಾಳಿಗಳು ಒಂದರ ಮೇಲೊಂದು ನಿಷ್ಫಲವಾಗುವುದನ್ನು ಕಂಡು ತಾಳಲಾರದೆ, ಟಿಪ್ಪಣಿ ಪುಸ್ತಕವನ್ನು ತೆರೆದು ಗುರುತು ಹಾಕತೊಡಗಿದನು. ಮುಂದೆ ದಶಕಗಳವರೆಗೆ ಆ ಲೇಖನಿ ನಿಲ್ಲಲಿಲ್ಲ. ಕಂಪ್ಯೂಟರಾಗಲಿ ವೀಡಿಯೋ ಆಗಲಿ ಇಲ್ಲದ ಆ ಕಾಲದಲ್ಲಿ, ಒಂದೊಂದು ಪಾಸಿಗೂ ತನ್ನದೇ ಸಂಜ್ಞೆಗಳನ್ನು ಕಲ್ಪಿಸಿಕೊಂಡು, ಪಾಸು ಹೊರಟ ಸ್ಥಾನ, ತಲುಪಿದ ಸ್ಥಾನ, ಉದ್ದ, ಎತ್ತರಗಳನ್ನೆಲ್ಲ ಕಾಗದಕ್ಕಿಳಿಸಿದ ಈತನ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ನನೊಡಗೂಡಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಈತ ಪ್ರಕಟಿಸಿದ ಲೇಖನದಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ: ಸುಮಾರು ಹತ್ತು ಹೊಡೆತಗಳಿಗೆ ಒಂದು ಗೋಲು ಎಂಬುದು ಒಂದು, ಹತ್ತರಲ್ಲಿ ಸುಮಾರು ಎಂಟು ಗೋಲುಗಳು ಮೂರೋ ಅದಕ್ಕಿಂತ ಕಡಿಮೆಯೋ ಪಾಸುಗಳ ದಾಳಿಯಿಂದ ಬರುತ್ತವೆ ಎಂಬುದು ಇನ್ನೊಂದು.

ಈ ಎರಡನೆಯ ಸಂಗತಿಯಿಂದ ರೀಪ್ ತೆಗೆದ ನಿರ್ಣಯ ಸರಳವಾದದ್ದು: ಚೆಂಡನ್ನು ಮಧ್ಯ ಮೈದಾನದಲ್ಲಿ ಸುಮ್ಮನೆ ಹಂಚಿಕೊಳ್ಳುತ್ತ ಕಾಲಹರಣ ಮಾಡತಕ್ಕದ್ದಲ್ಲ, ಉದ್ದನೆಯ ಹೊಡೆತದಿಂದ ಅದನ್ನು ಎದುರಾಳಿಯ ಗೋಲಿನ ಬಳಿಗೆ ಸಾಗಿಸತಕ್ಕದ್ದು. ಆದರೆ ಅದೇ ಕೋಷ್ಟಕಗಳಲ್ಲಿ ಮತ್ತೊಂದು ಸಂಖ್ಯೆಯೂ ಇತ್ತು. ಅದೇನೆಂದರೆ, ಪಂದ್ಯದಲ್ಲಿ ನಡೆಯುವ ಒಟ್ಟು ದಾಳಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದಾಳಿಗಳು ಮೂರು ಪಾಸುಗಳ ಒಳಗೇ ಮುಗಿದುಹೋಗುತ್ತಿದ್ದವು. ಇದನ್ನು ಕೊಂಚ ನಿಧಾನವಾಗಿ ಲೆಕ್ಕ ಹಾಕಿ ನೋಡೋಣ. ಸಾವಿರ ದಾಳಿಗಳಲ್ಲಿ 910 ಚಿಕ್ಕವು, 90 ದೊಡ್ಡವು ಎಂದಿಟ್ಟುಕೊಳ್ಳಿ. ಹತ್ತು ಗೋಲುಗಳಲ್ಲಿ ಎಂಟು ಚಿಕ್ಕ ದಾಳಿಗಳಿಂದ, ಎರಡು ದೊಡ್ಡ ದಾಳಿಗಳಿಂದ ಬಂದವು ಎಂದಿಟ್ಟುಕೊಳ್ಳಿ. ಆಗ ಚಿಕ್ಕ ದಾಳಿಗಳಲ್ಲಿ ಸುಮಾರು 114ಕ್ಕೆ ಒಂದು ಗೋಲು, ದೊಡ್ಡ ದಾಳಿಗಳಲ್ಲಿ 45ಕ್ಕೇ ಒಂದು ಗೋಲು ಆಯಿತು. ಯಾವುದನ್ನು ಬಿಡಬೇಕೆಂದು ರೀಪ್ ಉಪದೇಶಿಸಿದನೋ ಅದೇ ಎರಡೂವರೆ ಪಾಲು ಹೆಚ್ಚು ಫಲಕಾರಿಯಾಗಿತ್ತು. ಎಣಿಕೆಯಲ್ಲಿ ತಪ್ಪಿರಲಿಲ್ಲ, ಒಂದೊಂದು ಗುರುತೂ ಪ್ರಾಮಾಣಿಕವಾದದ್ದೇ. ಬಂದ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಎಂಬ ವಿವೇಚನೆಯೊಂದು ತಪ್ಪಿತು; ಅದರ ಫಲವಾಗಿ ಇಂಗ್ಲೆಂಡಿನಲ್ಲಿ ಚೆಂಡನ್ನು ಆಕಾಶಕ್ಕೆ ಹೊಡೆದು ಹಿಂದೆ ಓಡುವ ಪದ್ಧತಿಗೆ ವರ್ಷಾನುವರ್ಷ ಶಾಸ್ತ್ರದ ಮುದ್ರೆ ದೊರೆಯಿತು.

ಮೊದಲನೆಯ ಸಂಗತಿ ಮಾತ್ರ ಇಂದಿಗೂ ಬೆಲೆಯುಳ್ಳದ್ದು. ಗೋಲು ವಿರಳವಾದ ವಸ್ತು. ವಿರಳವಾದುದರಲ್ಲಿ ಅದೃಷ್ಟದ ಪಾಲು ಹೆಚ್ಚು. ಪ್ರತಿ ಹೊಡೆತದಲ್ಲಿಯೂ ಹತ್ತಕ್ಕೆ ಒಂದರಂತೆ ಗೋಲಿನ ಸಂಭವವುಳ್ಳ ಮುಂಪಡೆಯ ಆಟಗಾರನೊಬ್ಬ ಒಂದು ಋತುವಿನಲ್ಲಿ ನೂರು ಹೊಡೆತ ಹೊಡೆದರೆ ಹತ್ತು ಗೋಲು ಬರಬೇಕಷ್ಟೆ. ಆದರೆ ಸಂಭವಗಣಿತದ ಪ್ರಕಾರ ಅದೇ ಮನುಷ್ಯನಿಗೆ, ಅದೇ ಸಾಮರ್ಥ್ಯದಿಂದ, ಒಂದು ವರ್ಷ ಏಳು, ಮರುವರ್ಷ ಹದಿಮೂರು ಗೋಲು ಬಂದರೆ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಹದಿಮೂರು ಬಂದ ವರ್ಷ ಪತ್ರಿಕೆಗಳು ಆತನನ್ನು ಹೊಗಳುತ್ತವೆ. ಏಳು ಬಂದ ವರ್ಷ ಆತನ ಕಾಲಿನ ಚುರುಕು ಹೋಯಿತೆಂದು ಮರುಗುತ್ತವೆ. ಈ ಅನ್ಯಾಯವನ್ನು ತಗ್ಗಿಸುವುದಕ್ಕಾಗಿಯೇ ‘ನಿರೀಕ್ಷಿತ ಗೋಲು’ ಎಂಬ ಮಾನ ಹುಟ್ಟಿಕೊಂಡಿತು. ಹಿಂದೆ ಹೊಡೆದ ಸಾವಿರಾರು ಹೊಡೆತಗಳನ್ನು ಒಟ್ಟುಗೂಡಿಸಿ, ಇಷ್ಟು ದೂರದಿಂದ, ಇಂಥ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಹೊಡೆದದ್ದು ಎಷ್ಟು ಸಲ ಗೋಲಾಯಿತು ಎಂದು ನೋಡಿ, ಪ್ರತಿ ಹೊಸ ಹೊಡೆತಕ್ಕೂ ಒಂದು ಸಂಭವವನ್ನು ಕಟ್ಟುತ್ತಾರೆ. ಪೆನಾಲ್ಟಿಯೊಂದು ಈ ಲೆಕ್ಕದಲ್ಲಿ ಮುಕ್ಕಾಲು ಗೋಲಿಗೆ ಸ್ವಲ್ಪ ಮೇಲೆ. ಗೋಲು ಬಾರದಿದ್ದರೂ ಒಳ್ಳೆಯ ಎಡೆಗಳಿಗೆ ಮತ್ತೆ ಮತ್ತೆ ಹೋಗಿ ನಿಲ್ಲುವವನನ್ನು ಈ ಮಾನ ಗುರುತಿಸುತ್ತದೆ. ಅದು ಸಣ್ಣ ಉಪಕಾರವಲ್ಲ.

ಸಂಖ್ಯೆಯ ಉಪಕಾರವನ್ನು ಹೇಳುವಾಗ ಎಂಗೊಲೊ ಕಾಂಟೆಯ ಹೆಸರನ್ನು ಬಿಡುವಂತಿಲ್ಲ. 1991ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಕುಳ್ಳ ಹುಡುಗನನ್ನು, ಮೈಕಟ್ಟು ಸಾಲದೆಂಬ ಕಾರಣಕ್ಕೆ, ಫ್ರಾನ್ಸಿನ ದೊಡ್ಡ ತರಬೇತಿ ಶಾಲೆಗಳು ಒಳಕ್ಕೆ ಸೇರಿಸಿಕೊಳ್ಳಲಿಲ್ಲ. ನೋಡುವವರ ಕಣ್ಣು ಮೊದಲು ಎತ್ತರವನ್ನೂ ಭುಜವನ್ನೂ ಅಳೆಯುತ್ತದೆ; ಅನುಭವಸ್ಥರ ಕಣ್ಣೂ ಈ ದೋಷದಿಂದ ಮುಕ್ತವಲ್ಲ. ಸುರೇನ್, ಬೂಲೋನ್, ಕಾನ್ ಎಂಬ ಸಣ್ಣ ತಂಡಗಳಲ್ಲಿ ಬೆಳೆದ ಆತನನ್ನು 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕೊಂಡುಕೊಂಡಿತು. ಕೊಳ್ಳುವುದಕ್ಕೆ ಮುಂಚೆ ಆ ತಂಡದವರ ಗಮನವನ್ನು ಸೆಳೆದದ್ದು, ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದುಕೊಳ್ಳುವುದರಲ್ಲಿಯೂ ಪಾಸನ್ನು ನಡುದಾರಿಯಲ್ಲಿ ತಡೆಯುವುದರಲ್ಲಿಯೂ ಫ್ರಾನ್ಸಿನಲ್ಲಿ ಆತ ತೋರಿದ್ದ ಅಸಾಧಾರಣ ಅಂಕಿಗಳು. ಆ ಋತುವಿನಲ್ಲಿಯೇ ಆತ 175 ಟ್ಯಾಕಲ್‌ಗಳನ್ನೂ 156 ತಡೆಗಳನ್ನೂ ಮಾಡಿ ಎರಡರಲ್ಲಿಯೂ ಪ್ರೀಮಿಯರ್ ಲೀಗಿನ ಮೊದಲಿಗನಾದನು. ಬಾಜಿದಾರರು 5000ಕ್ಕೆ ಒಂದೆಂದು ತಳ್ಳಿಹಾಕಿದ್ದ ಲೆಸ್ಟರ್ ತಂಡ ಚಾಂಪಿಯನ್ ಆಯಿತು. ಅದರ ಮುಂದಿನ ವರ್ಷ ಚೆಲ್ಸಿಯಲ್ಲಿ ಅದೇ ಪಟ್ಟ, 2018ರಲ್ಲಿ ಫ್ರಾನ್ಸಿನೊಡನೆ ವಿಶ್ವಕಪ್. ಕಣ್ಣು ನಿರಾಕರಿಸಿದವನ ಪರವಾಗಿ ಸಂಖ್ಯೆ ಸಾಕ್ಷಿ ನುಡಿಯಿತು. ಸಂಖ್ಯೆಗಳೆಂದರೆ ಆಟದ ರಸವನ್ನು ಹಿಂಡಿಬಿಡುವ ಯಂತ್ರಗಳೆಂದು ದೂರುವವರಿಗೆ ನಾನು ಈ ಒಬ್ಬ ಆಟಗಾರನನ್ನು ತೋರಿಸಲು ಬಯಸುತ್ತೇನೆ.

ಹಾಗೆಂದು ಆ 175ನ್ನೂ ಬಿಡಿಯಾಗಿ ಹಿಡಿಯತಕ್ಕದ್ದಲ್ಲ. ಲೆಸ್ಟರ್ ಚೆಂಡನ್ನು ಎದುರಾಳಿಗೇ ಹೆಚ್ಚು ಹೊತ್ತು ಬಿಟ್ಟು, ಕಾದು, ಒಮ್ಮೆಗೇ ಮೇಲೆ ಬೀಳುವ ತಂಡ. ಎದುರಾಳಿಯ ಬಳಿ ಚೆಂಡಿರುವಾಗಲ್ಲವೇ ಅದನ್ನು ಕಸಿಯಲು ಅವಕಾಶ? ಅರುವತ್ತು ನಿಮಿಷ ಚೆಂಡನ್ನು ತಾನೇ ಇಟ್ಟುಕೊಳ್ಳುವ ತಂಡದಲ್ಲಿ ಅದೇ ಕಾಂಟೆಯ ಎಣಿಕೆ ಕುಗ್ಗಿಯೇ ಇರುತ್ತಿತ್ತು, ಆತನ ಯೋಗ್ಯತೆ ಎಳ್ಳಷ್ಟೂ ಕುಗ್ಗದೆ. ಇಲ್ಲಿಯೂ ಅದೇ ಪ್ರಶ್ನೆ: ಯಾವುದರಿಂದ ಭಾಗಿಸಿದ್ದು? ತಂಡದ ಗುಣವನ್ನು ಆಟಗಾರನ ಗುಣವೆಂದು ತಿಳಿದು ಹಣ ಸುರಿದ ಉದಾಹರಣೆಗಳೂ ಉಂಟು. 2011ರಲ್ಲಿ ಲಿವರ್‌ಪೂಲ್ ತಂಡ, ತಲೆಹೊಡೆತಕ್ಕೆ ಹೆಸರಾದ ಆಂಡಿ ಕ್ಯಾರಲ್ಲನನ್ನು ಮೂರೂವರೆ ಕೋಟಿ ಪೌಂಡಿಗೆ ಕೊಂಡು, ಆತನಿಗೆ ಪಕ್ಕದಿಂದ ಕ್ರಾಸ್ ಒದಗಿಸಲೆಂದು ಸ್ಟೂವರ್ಟ್ ಡೌನಿಂಗ್‌ನನ್ನೂ ತಂದಿತು. ಕಾಗದದ ಮೇಲೆ ಒಬ್ಬನ ಅಂಕಿಗೆ ಇನ್ನೊಬ್ಬನ ಅಂಕಿ ಹೇಳಿ ಮಾಡಿಸಿದಂತಿತ್ತು. ಆ ಋತುವಿನ ಲೀಗ್ ಪಂದ್ಯಗಳಲ್ಲಿ ಡೌನಿಂಗ್ ಒಂದು ಗೋಲನ್ನೂ ಹೊಡೆಯಲಿಲ್ಲ, ಒಂದು ಗೋಲಿಗೂ ಕೊನೆಯ ಪಾಸನ್ನು ಕೊಡಲಿಲ್ಲ. ತಂಡ ಎಂಟನೆಯ ಸ್ಥಾನಕ್ಕೆ ಇಳಿಯಿತು.

ಇದುವರೆಗೆ ಹೇಳಿದ್ದು ಎಣಿಕೆಗೆ ಸಿಕ್ಕಿದ ಕ್ರಿಯೆಗಳ ವಿಷಯ. ಎಣಿಸುವುದಕ್ಕೆ ಕ್ರಿಯೆಯೇ ಇಲ್ಲದ ಕಡೆ ಏನು ಗತಿ? ಕ್ಲೋಡ್ ಮಕೆಲೆಲೆ ಎಂಬ ಫ್ರೆಂಚ್ ಆಟಗಾರ ರಿಯಲ್ ಮ್ಯಾಡ್ರಿಡ್ ತಂಡದಲ್ಲಿ ಜಿದಾನ್, ಫಿಗೊ, ರೊನಾಲ್ಡೊ ಮೊದಲಾದ ಮಹನೀಯರ ಹಿಂದೆ ನಿಂತು, ಅವರು ಬಿಟ್ಟುಹೋದ ತೆರಪುಗಳನ್ನು ಕಾಯುತ್ತಿದ್ದನು. 2003ರಲ್ಲಿ ಆತ ಹೆಚ್ಚಿನ ಸಂಬಳ ಕೇಳಲು, ಸಂಸ್ಥೆ ಆತನನ್ನು ಚೆಲ್ಸಿಗೆ ಮಾರಿಬಿಟ್ಟಿತು. ಆತನ ಪಾಸುಗಳಲ್ಲಿ ನೂರಕ್ಕೆ ತೊಂಬತ್ತು ಹಿಂದಕ್ಕೋ ಪಕ್ಕಕ್ಕೋ ಹೋಗುವಂಥವು, ಮೂರು ಮೀಟರಿಗಿಂತ ದೂರ ಆತ ಚೆಂಡು ಕಳುಹಿಸುವುದೇ ಅಪರೂಪ, ಎಂಬರ್ಥದ ಮಾತುಗಳನ್ನು ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಬಹಿರಂಗವಾಗಿಯೇ ಆಡಿದನು. ನೋಡಿ, ಅಂಕಿಯ ರೂಪದ ಆಕ್ಷೇಪಣೆ; ಅದು ಸುಳ್ಳೆಂದೂ ಹೇಳುವಂತಿಲ್ಲ. ಆದರೆ ಆ ಮನುಷ್ಯನ ಕೆಲಸವಿದ್ದದ್ದು ತಾನು ಕೊಡುವ ಪಾಸಿನಲ್ಲಲ್ಲ. ಆತ ಅಲ್ಲಿ ನಿಂತಿದ್ದಾನೆಂಬ ಕಾರಣದಿಂದಲೇ ಎದುರಾಳಿ ಕೊಡದೆ ಬಿಟ್ಟ ಪಾಸಿನಲ್ಲಿ, ತೊಡಗದೆ ಹೋದ ದಾಳಿಯಲ್ಲಿ, ಹೊಡೆಯದೆ ಉಳಿದ ಹೊಡೆತದಲ್ಲಿ. ನಡೆಯದ ಸಂಗತಿಗೆ ದಾಖಲೆಯಲ್ಲಿ ಅಂಕಣವಿಲ್ಲ. ಆತ ಹೋದ ಮೇಲಿನ ಋತುವಿನಲ್ಲಿ ರಿಯಲ್ ಮ್ಯಾಡ್ರಿಡ್ ಲೀಗಿನಲ್ಲಿ ನಾಲ್ಕನೆಯದಾಯಿತು, 2007ರವರೆಗೆ ಅದಕ್ಕೆ ಲೀಗ್ ಪಟ್ಟ ದೊರೆಯಲಿಲ್ಲ. ಇತ್ತ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ 15 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟು ಚಾಂಪಿಯನ್ ಆಯಿತು. ಒಬ್ಬನ ನಿರ್ಗಮನವೊಂದೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಅತಿರೇಕ. ಆದರೆ ಹೋದದ್ದು ಏನೆಂಬುದು ಹೋದ ಮೇಲೆಯೇ ತಿಳಿಯುವಂತಾದದ್ದು ನನಗೆ ಈಗಲೂ ನೋವಿನ ಸಂಗತಿ.

ಒಬ್ಬ ಆಟಗಾರನ ಕಾಲಿನಲ್ಲಿ ಚೆಂಡಿರುವುದು ಸರಾಸರಿ ಮೂರು ನಿಮಿಷದಷ್ಟು, ಉಳಿದ ಎಂಬತ್ತೇಳು ನಿಮಿಷಗಳಲ್ಲಿ ಆತ ಏನು ಮಾಡುತ್ತಾನೆಂಬುದೇ ಆತ ಒಳ್ಳೆಯ ಆಟಗಾರನೋ ಅಲ್ಲವೋ ಎಂಬುದನ್ನು ನಿರ್ಧರಿಸುತ್ತದೆಂಬುದು ಹಾಲೆಂಡಿನ ಯೋಹಾನ್ ಕ್ರೈಫನ ಅಭಿಪ್ರಾಯವಾಗಿತ್ತು. ನಮ್ಮ ಎಣಿಕೆಗಳಲ್ಲಿ ಬಹುಪಾಲು ಆ ಮೂರು ನಿಮಿಷಗಳದ್ದು. ಈಗೀಗ ಕ್ರೀಡಾಂಗಣದ ಛಾವಣಿಯಲ್ಲಿ ಕೂರಿಸಿದ ಕ್ಯಾಮರಾಗಳು ಇಪ್ಪತ್ತೆರಡು ಮಂದಿಯ ಸ್ಥಾನವನ್ನೂ ಚೆಂಡಿನ ಸ್ಥಾನವನ್ನೂ ಸೆಕೆಂಡಿಗೆ ಇಪ್ಪತ್ತೈದು ಸಲ ಗುರುತಿಸುತ್ತಿರುವುದರಿಂದ, ಉಳಿದ ಎಂಬತ್ತೇಳು ನಿಮಿಷಗಳೂ ಲೆಕ್ಕದ ಪರಿಧಿಯೊಳಕ್ಕೆ ಬರತೊಡಗಿವೆ. ಆದರೆ ಅಲ್ಲಿಯೂ ಮೊದಲು ಎಣಿಸಿದ್ದು ಸುಲಭವಾದದ್ದನ್ನು, ಎಂದರೆ ಯಾರು ಎಷ್ಟು ಕಿಲೋಮೀಟರು ಓಡಿದರು ಎಂಬುದನ್ನು. ಆ ಪಟ್ಟಿಯಲ್ಲಿ ಲಿಯೊನೆಲ್ ಮೆಸ್ಸಿಯ ಹೆಸರು ಸದಾ ಕೆಳಗಡೆ. ಪಂದ್ಯದ ಬಹುಕಾಲ ಆತ ನಡೆಯುತ್ತಲೇ ಇರುತ್ತಾನೆ. ಶ್ರಮವೇ ಗುಣವೆಂದು ಬಗೆಯುವವರಿಗೆ ಆತ ಸೋಮಾರಿಯಾಗಿ ತೋರಿದ್ದರೆ ಅಂಕಿ ಅವರ ಕಡೆಗೇ ಇತ್ತು. ಆತನಿಗೆ ತರಬೇತಿ ಕೊಟ್ಟ ಪೆಪ್ ಗ್ವಾರ್ಡಿಯೋಲಾ ಮಾತ್ರ, ಆ ನಡಿಗೆಯಲ್ಲಿ ಮೆಸ್ಸಿ ಎಡಬಲಕ್ಕೆ ತಲೆ ಹೊರಳಿಸುತ್ತ ಎದುರಾಳಿಯ ರಕ್ಷಣೆಯಲ್ಲಿ ಬಿರುಕು ಎಲ್ಲಿದೆಯೆಂದು ಓದಿಕೊಳ್ಳುತ್ತಿರುತ್ತಾನೆಂದು ಹೇಳಿದ್ದುಂಟು. 2018ರಲ್ಲಿ ಬಾರ್ಸಿಲೋನಾ ಸಂಸ್ಥೆಯ ಹವಿಯೆರ್ ಫರ್ನಾಂಡಿಸ್ ಮತ್ತು ಸಂಖ್ಯಾಶಾಸ್ತ್ರಜ್ಞ ಲ್ಯೂಕ್ ಬಾರ್ನ್ ಎಂಬಿಬ್ಬರು, ಕಿಲೋಮೀಟರುಗಳನ್ನು ಬಿಟ್ಟು, ಮೈದಾನದ ಯಾವ ತುಂಡು ಯಾವ ಕ್ಷಣದಲ್ಲಿ ಯಾರ ಅಧೀನದಲ್ಲಿತ್ತು, ಆ ತುಂಡಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕುವ ವಿಧಾನವೊಂದನ್ನು ರಚಿಸಿ, ಬಾರ್ಸಿಲೋನಾ ತಂಡದ ಪಂದ್ಯವೊಂದಕ್ಕೆ ಅದನ್ನು ಅನ್ವಯಿಸಿದರು. ಬೆಲೆಯುಳ್ಳ ಜಾಗವನ್ನು, ಓಡದೆ, ನಡೆಯುತ್ತ ನಡೆಯುತ್ತಲೇ ತನ್ನದಾಗಿಸಿಕೊಳ್ಳುತ್ತಿದ್ದವರಲ್ಲಿ ಮೆಸ್ಸಿಯ ಹೆಸರು ಮೇಲಕ್ಕೆ ಬಂತು. ಹಳೆಯ ಅಂಕಿ ದೋಷವೆಂದು ಬರೆದಿಟ್ಟಿದ್ದನ್ನು ಹೊಸ ಅಂಕಿ ಗುಣವೆಂದು ತಿದ್ದಿತು. ಆದರೆ ಹಾಗೆ ತಿದ್ದಬೇಕಾದರೆ, ಆ ನಡಿಗೆಯಲ್ಲಿ ಏನೋ ಅರ್ಥವಿದೆಯೆಂದು ಯಾರಾದರೂ ಮೊದಲು ಕಣ್ಣಿಟ್ಟು ನೋಡಿ ಶಂಕಿಸಬೇಕಾಗಿತ್ತು. ಆ ಶಂಕೆ ಯಾವ ಕ್ಯಾಮರಾಕ್ಕೂ ತಾನಾಗಿ ಹುಟ್ಟಲಿಲ್ಲ.